ಸೈರನ್ ಕೂಗುವಾಗ ಕೂತೇ ಇದ್ದವರು

ತೊಂಬತ್ತರ ದಶಕದ ಆ ವರ್ಷಗಳಲ್ಲಿ ಪೀಣ್ಯದ ನಮ್ಮ ಭಾಗಕ್ಕೆ ವಾರದ ರಜೆ ಗುರುವಾರ ಬರುತ್ತಿತ್ತು. ಕರೆಂಟು ಸಾಲದೆ ಕಾರ್ಖಾನೆಗಳಿಗೆ ರಜೆಯನ್ನು ಹಂಚಿಹಾಕಿದ್ದರು. ಒಂದು ಲೈನಿಗೆ ಸೋಮವಾರ, ಇನ್ನೊಂದಕ್ಕೆ ಬುಧವಾರ, ನಮ್ಮ ಲೈನಿಗೆ ಗುರುವಾರ. ಆ ದಿನ ಯಂತ್ರಗಳು ನಿಲ್ಲುತ್ತಿದ್ದವು. ಕ್ಷೌರದಂಗಡಿಯಲ್ಲಿ ಜಾಗ ಸಿಗುತ್ತಿರಲಿಲ್ಲ, ಕೋಳಿ ಅಂಗಡಿ ಮುಂದೆ ಸಾಲು ನಿಲ್ಲುತ್ತಿತ್ತು. ಆದರೆ ಭಾನುವಾರ ಬೆಳಿಗ್ಗೆ ಸೈರನ್ ಕೂಗಿದರೆ ಎಲ್ಲರೂ ಡಬ್ಬಿ ಹಿಡಿದು ಗೇಟಿನ ಕಡೆ ಓಡಬೇಕು.

ಇಷ್ಟು ಬರೆದು ಹೆಂಡತಿಗೆ ಓದಿದೆ. "ಗುರುವಾರ ಅಲ್ರೀ, ಶುಕ್ರವಾರ. ನಾನು ತಲೆಗೆ ನೀರು ಹಾಕ್ಕೊಳ್ಳೋ ದಿನ ನೀವು ಮನೇಲಿರ್ತಿದ್ರಿ, ಬಿಸಿನೀರು ಸಾಲ್ತಿರ್ಲಿಲ್ಲ" ಎಂದಳು. ಅವಳ ನೆನಪಿಗೆ ಬಿಸಿನೀರಿನ ಸಾಕ್ಷಿಯಿದೆ. ನನ್ನದಕ್ಕೆ ಯಾವುದೂ ಇಲ್ಲ. ಆದರೂ ಗುರುವಾರವೆಂದೇ ಇಟ್ಟುಕೊಳ್ಳುತ್ತೇನೆ. ಮೊದಲ ಸಾಲಿನಲ್ಲೇ ಅನುಮಾನ ಶುರುವಾದರೆ ಮುಂದಿನದನ್ನು ಬರೆಯಲು ಧೈರ್ಯ ಸಾಲುವುದಿಲ್ಲ.

ನಾನಾಗ ಟ್ರಾನ್ಸ್‌ಫಾರ್ಮರ್ ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಪರ್ಸೊನೆಲ್ ಆಫೀಸರ್ ಆಗಿದ್ದೆ. ರಜೆ, ಜಗಳ, ಕ್ಯಾಂಟೀನಿನ ಸಾಂಬಾರಿನ ಬಗ್ಗೆ ದೂರು, ಎಲ್ಲವೂ ನನ್ನ ಮೇಜಿಗೆ ಬರುತ್ತಿದ್ದವು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದ್ದೆ. ದೇವರೆಂದರೆ ಸಮಾಜ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ಕೈಮುಗಿಯುವುದು ಎಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ದಾವಣಗೆರೆಯ ಮನೆಯಲ್ಲಿ ಅಪ್ಪ ಪ್ರತಿದಿನ ಇಷ್ಟಲಿಂಗ ಪೂಜೆ ಮುಗಿಸದೆ ಕಚೇರಿಗೆ ಹೊರಡುತ್ತಿರಲಿಲ್ಲ. ನನ್ನ ಕೊರಳಿನ ಲಿಂಗ ಹಾಸ್ಟೆಲಿನ ಟ್ರಂಕು ಸೇರಿ ಬಹಳ ಕಾಲವಾಗಿತ್ತು.

ನಾವು ಬಾಡಿಗೆಗಿದ್ದದ್ದು ಊರಿನ ಮೂಲ ಒಕ್ಕಲು ಮನೆತನದ ಯಜಮಾನರೊಬ್ಬರ ಮಹಡಿಯಲ್ಲಿ. ಅವರ ರಾಗಿ ಹೊಲದಲ್ಲಿ ಈಗ ಸಾಲು ಶೆಡ್ಡುಗಳಿದ್ದವು. ಆ ಸಾಲಿನ ಕೊನೆಯ ಶೆಡ್ಡಿನಲ್ಲಿ, ಟೆಂಪೋ ಗ್ಯಾರೇಜಿನ ಪಕ್ಕದಲ್ಲಿ, ಒಂದು ಚರ್ಚು. ಗೋಪುರವಿರಲಿಲ್ಲ, ಗಂಟೆಯಿರಲಿಲ್ಲ. ಮೊದಲು ಅಲ್ಲಿ ಲೋಹಕ್ಕೆ ಲೇಪನ ಹಾಕುವ ಘಟಕವಿತ್ತು. ಅದು ಮುಚ್ಚಿಹೋದ ಮೇಲೂ ನೆಲದ ಹಸಿರು ಕಲೆಗಳು ಹೋಗಿರಲಿಲ್ಲ, ಅವುಗಳ ಮೇಲೆ ಚಾಪೆ ಹಾಸಿದ್ದರು. ಕುರ್ಚಿ ಇಡಬಾರದೆಂಬುದು ಅಲ್ಲಿಯ ಕಟ್ಟಳೆ. ಸೂಪರ್‌ವೈಸರ್ ಆಗಲಿ, ಕಸ ಗುಡಿಸುವವರಾಗಲಿ, ಒಂದೇ ಚಾಪೆ. ಪೀಣ್ಯದಲ್ಲಿ ಬೇರೆಲ್ಲೂ, ಕ್ಯಾಂಟೀನಿನಲ್ಲೂ ಕೂಡ, ನಾನು ಅದನ್ನು ಕಂಡಿರಲಿಲ್ಲ.

ಆ ಚರ್ಚಿನ ಹೆಂಗಸೊಬ್ಬಳು ನಮ್ಮ ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುವ ವಿಭಾಗದಲ್ಲಿದ್ದಳು. ಆನೇಕಲ್ ಆಚೆಯ ಹಳ್ಳಿಯವಳು, ಮೂವತ್ತು ದಾಟಿದವಳು. ಗಂಡನಿರಲಿಲ್ಲ. ಶಾಲೆಗೆ ಹೋಗುವ ಮಗಳಿಗೆ ಉಬ್ಬಸ. ಇನ್ನೂ ಪ್ರೊಬೇಷನ್ನಿನಲ್ಲಿದ್ದಳು. ಹಿಂದೆ ಎರಡು ಕಡೆ ಕಾಯಂ ಮಾಡುವ ಹೊತ್ತಿಗೆ ಸರಿಯಾಗಿ ಅವಳನ್ನು ಬಿಡಿಸಿದ್ದರು. ನಮ್ಮಲ್ಲಿ ಕಾಯಂ ಆದರೆ ಮಗಳ ಔಷಧಿಯ ಖರ್ಚು ಕಂಪನಿಯದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಮತ್ತು ಅದು ಇನ್ನೇನು ಕೈಗೆ ಸಿಗುವಷ್ಟು ಹತ್ತಿರವಿತ್ತು. ಆದರೆ ಭಾನುವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಬರುತ್ತಿರಲಿಲ್ಲ. ಆರಾಧನೆ ಮುಗಿಸಿ ಮಧ್ಯಾಹ್ನ ಬಂದು ಗೇಟಿನಲ್ಲಿ ನಿಂತು ವಾಚ್‌ಮನ್ ಜೊತೆ ಜಗಳವಾಡಿ ಒಳಗೆ ಬರುತ್ತಿದ್ದಳು. ಸಾಧು ಸ್ವಭಾವದವಳೇನಲ್ಲ, ಅವಳ ಬಾಯಿಗೆ ಫೋರ್‌ಮನ್ ಕೂಡ ಹೆದರುತ್ತಿದ್ದ.

ಮ್ಯಾನೇಜರು ನನ್ನನ್ನು ಕರೆದರು. ಧಾರವಾಡದ ಕಡೆಯವರು.

"ನೋಡ್ರೀ, ನೀವು ಸೋಷಿಯಾಲಜಿ ಓದೀರಿ. ಹೋಗಿ ಅವರ ಪಾಸ್ಟರ್‌ಗೆ ತಿಳಿಸಿ ಹೇಳ್ರಿ. ಪ್ರೊಬೇಷನ್ ಮುಗಿಯೋದ್ರೊಳಗ ಆಕಿ ಸಂಡೇ ಟೈಮಿಗೆ ಬರಲಿಲ್ಲಂದ್ರ ಕನ್ಫರ್ಮೇಷನ್ ಇಲ್ಲ. ಆಮ್ಯಾಲ ನನ್ನ ಕಡೆ ಬಂದು ಮಾನವೀಯತೆ ಅನಬ್ಯಾಡ್ರಿ."

ಆ ಸಂಜೆಯೇ ಹೋದೆ. ಪಾಸ್ಟರು ಚಾಪೆಯ ಮೇಲೆ ಕೂತು ಯಾರದೋ ಸೀಮೆಎಣ್ಣೆ ಸ್ಟೌ ಬಿಚ್ಚಿಕೊಂಡಿದ್ದರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು, ಸ್ವಯಂ ನಿವೃತ್ತಿ ತೆಗೆದುಕೊಂಡು ಈ ಚರ್ಚಿನ ಸಭೆಯನ್ನು ನಡೆಸುತ್ತಿದ್ದವರು. ಬಿಳಿ ಅಂಗಿ ತೊಟ್ಟಿದ್ದರು, ಉಗುರಿನ ಸುತ್ತ ಗ್ರೀಸು ಉಳಿದಿತ್ತು.

ನಾನು ಪೀಠಿಕೆ ಹಾಕಿದೆ. ವಾರವೆನ್ನುವುದು ಮನುಷ್ಯರು ಮಾಡಿಕೊಂಡದ್ದು, ಒಂದೊಂದು ಸಮಾಜ ಒಂದೊಂದು ದಿನವನ್ನು ಪವಿತ್ರ ಮಾಡಿಕೊಂಡಿದೆ, ನಿಮ್ಮ ಜನರ ಬದುಕು ಗುರುವಾರದ ಸುತ್ತ ತಿರುಗುವಾಗ ನೀವು ಭಾನುವಾರವನ್ನು ಹಿಡಿದು ಕೂತರೆ ಅವರ ಕಷ್ಟಕ್ಕೆ ನೀವು ಹೊರಗಿನವರಾಗುತ್ತೀರಿ, ಹೀಗೆಲ್ಲ. ಅವರು ಸ್ಟೌವಿನ ಬರ್ನರನ್ನು ಊದುತ್ತ ಕೇಳಿದರು. ವಾದಿಸುತ್ತಾರೆಂದು ಕಾಯುತ್ತಿದ್ದೆ.

"ಮೊನ್ನೆ ಭಾನುವಾರ ನಾನು ಪ್ರಸಂಗ ಮಾಡಿದ್ದು ಯಾರಿಗೆ ಗೊತ್ತಾ ಸಾರ್?" ಎಂದರು. "ನನ್ ಹೆಂಡ್ತಿಗೆ, ಈ ಹೆಣ್ಮಗಳಿಗೆ, ಇಬ್ರು ಅಜ್ಜೀರಿಗೆ, ಬಾಗಿಲಲ್ಲಿ ಮಲಗಿದ್ಯಲ್ಲ, ಆ ಗ್ಯಾರೇಜ್ ನಾಯಿಗೆ. ಮಿಕ್ಕೋರೆಲ್ಲ ಮಿಷನ್ ಮುಂದೆ. ನೀವು ಹೇಳೋದನ್ನ ನಾನೂ ಯೋಚ್ನೆ ಮಾಡ್ತಾನೇ ಇದೀನಿ."

ಮುಂದಿನ ಗುರುವಾರ ಪಾಸ್ಟರು ಸಭೆಯವರನ್ನೆಲ್ಲ ಕರೆದು, ಆರಾಧನೆಯನ್ನು ಗುರುವಾರಕ್ಕೆ ಇಟ್ಟುಕೊಳ್ಳೋಣವೇ ಎಂದು ಕೇಳಿದರು. ಸಲಹೆ ಕೊಟ್ಟವನೆಂದು ನನ್ನನ್ನೂ ಕೂರಿಸಿಕೊಂಡಿದ್ದರು. ಎಲ್ಲರೂ ಒಪ್ಪಿದರು. ಅವಳೊಬ್ಬಳು ಒಪ್ಪಲಿಲ್ಲ.

"ನಿನಗೋಸ್ಕರಾನೇ ಅಲ್ವೇನಕ್ಕಾ ಇದೆಲ್ಲ?" ಎಂದ ಲೇತ್ ಕೆಲಸದ ಹುಡುಗಾಟದ ಗಂಡಸೊಬ್ಬ. "ಇಲ್ಲಾಂದ್ರೆ ನಿನಗೊಬ್ಳಿಗೇ ಸ್ವರ್ಗದಲ್ಲಿ ಸೀಟು ಬುಕ್ ಆಗೈತಾ?"

"ಆಗೈತೆ ಕಣಪ್ಪಾ, ಕಿಟಕಿ ಪಕ್ಕ. ನಿಂಗೆ ನಿಂತ್ಕಂಡು ಬರಾಕೆ ಜಾಗ ಬಿಡಿಸಿರ್ತೀನಿ."

ನಗು ನಿಂತ ಮೇಲೆ ಪಾಸ್ಟರ ಕಡೆ ತಿರುಗಿದಳು. "ಗುರುವಾರ ಬರಾಕಿಲ್ಲ ಅಂತಲ್ಲ ಅಯ್ಯಾ, ಬತ್ತೀನಿ. ಮಿಷನ್ ನಿಂತಿರೋ ದಿನ ಬಂದು ಕೂರೋದು ಯಾರಿಗೆ ಕಷ್ಟ? ಓಡ್ತಿರೋ ಮಿಷನ್ ಬಿಟ್ಟು ಬಂದ್ರೆ ತಾನೆ, ನಾವು ಅದರೋರಲ್ಲ ಅಂತ ಗೊತ್ತಾಗೋದು?"

ಈ ಮಾತನ್ನು ಅವಳೇ ಆಡಿದಳೆಂದು ನಾನು ಬಹಳ ಕಾಲ ನಂಬಿದ್ದೆ. ಈಗ ಅನುಮಾನ. ಪಾಸ್ಟರು ಮುಂದೆ ಎಂದೋ ಹೇಳಿದ್ದನ್ನು ಅವಳ ಬಾಯಿಗೆ ಹಾಕಿರಬಹುದು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, ತಾಮ್ರದ ತಂತಿ ಸುತ್ತುವಂತೆ, ಮಾತಾಡಿದ್ದು ಮಾತ್ರ ನೆನಪಿದೆ. ಆ ಕೈಯನ್ನು ನಾನು ಕಲ್ಪಿಸಿಕೊಂಡಿರಲಾರೆ.

ಆರಾಧನೆ ಗುರುವಾರಕ್ಕೆ ಬದಲಾಯಿತು.

ಅದು ಹೇಗೆ ಬೆಳೆಯಿತೆಂದರೆ ನನಗೇ ಒಂದು ಬಗೆಯ ಹೆಮ್ಮೆ. ಕರೆಂಟಿಲ್ಲದ ದಿನ, ಹಾಗಾಗಿ ಮೈಕಿಲ್ಲ, ಫ್ಯಾನಿಲ್ಲ. ಬಾಗಿಲು ಕಿಟಕಿ ಎಲ್ಲ ತೆಗೆದಿರುತ್ತಿದ್ದರು. ಶೆಡ್ಡು ತುಂಬಿ ಜನ ಗ್ಯಾರೇಜಿನ ನೆರಳಿನವರೆಗೂ ಕೂರುತ್ತಿದ್ದರು. ಹಾಡು, ಪ್ರಾರ್ಥನೆ ಮುಗಿದ ಮೇಲೂ ಚಾಪೆ ಸುತ್ತುತ್ತಿರಲಿಲ್ಲ. ದೊಡ್ಡ ಪಾತ್ರೆಯಲ್ಲಿ ಟೀ ಕಾಯುತ್ತಿತ್ತು. ಪಾಸ್ಟರ ಮುಂದೆ ಕೆಟ್ಟ ಸ್ಟೌಗಳ ಸಾಲು. ಸಭೆಯ ನರ್ಸೊಬ್ಬಳು ಬಂದವರ ಬಿಪಿ ನೋಡುತ್ತಿದ್ದಳು. ಯಾವ ಘಟಕದಲ್ಲಿ ಕೆಲಸ ಖಾಲಿಯಿದೆ, ಮಾಕಳಿ ಕಡೆ ಯಾವ ಹೊಸ ಫ್ಯಾಕ್ಟರಿ ಬರುತ್ತಿದೆ, ಎಲ್ಲ ಸುದ್ದಿಯೂ ಅಲ್ಲಿ ಸಿಗುತ್ತಿತ್ತು. ಚರ್ಚಿಗೆ ಸಂಬಂಧವೇ ಇಲ್ಲದವರು ಬರತೊಡಗಿದರು. ನಮ್ಮ ಮನೆಯ ಯಜಮಾನರೂ ಪಂಚೆ ಮೇಲೆತ್ತಿ ಕಟ್ಟಿಕೊಂಡು ಬಂದು ಬಾಗಿಲ ಬಳಿ ಕೂರುತ್ತಿದ್ದರು.

"ದ್ಯಾವ್ರ ಇಚಾರ ಆಮ್ಯಾಕೆ, ಮದ್ಲು ಟೀ ಕೊಡ್ರಪ್ಪ" ಎನ್ನುತ್ತಿದ್ದರು. "ಜಾಗ ನಂದು, ನೆಳ್ಳು ನಿಮ್ದು."

ಅವಳೂ ಗುರುವಾರ ಬರುತ್ತಿದ್ದಳು, ಹಾಡುತ್ತಿದ್ದಳು, ಲೋಟ ತೊಳೆಯುತ್ತಿದ್ದಳು. ಆದರೆ ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಬರುವುದನ್ನು ಮಾತ್ರ ಶುರು ಮಾಡಲಿಲ್ಲ. ಬೀಗ ಹಾಕಿದ ಶೆಡ್ಡಿನ ಮುಂದೆ ಒಬ್ಬಳೇ ಕೂತು ಎದ್ದು, ಮಧ್ಯಾಹ್ನ ಗೇಟಿಗೆ ಬರುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಅವಳಿಗಾಗಿ ಒಂದಿಡೀ ಸಭೆ ದಿನ ಬದಲಿಸಿತ್ತು. ಇದು ಭಕ್ತಿಯಲ್ಲ, ಹಟ ಎಂದು ಮನಸ್ಸಿನಲ್ಲೇ ಬರೆದುಕೊಂಡೆ.

ಆಮೇಲೆ ಕುರ್ಚಿಗಳು ಬಂದವು. ಯಾರೂ ತೀರ್ಮಾನ ಮಾಡಿದಂತಿರಲಿಲ್ಲ. ಒಂದು ಗುರುವಾರ ಮಂಡಿನೋವಿನ ಅಜ್ಜಿಗೆಂದು ಶಾಮಿಯಾನದವನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿದ್ದರು. ಮುಂದಿನ ವಾರ ಮುಂಭಾಗದಲ್ಲಿ ಒಂದು ಸಾಲು ಕುರ್ಚಿಯಿತ್ತು, ಅದರಲ್ಲಿ ಬೇರೆ ಬೇರೆ ಘಟಕಗಳ ಸೂಪರ್‌ವೈಸರುಗಳು ಕೂತಿದ್ದರು. ಹೊಸದಾಗಿ ಬರತೊಡಗಿದವರು, ಪಾಪ, ಒಳ್ಳೆಯವರೇ. ನನಗೂ ಒಂದು ಕುರ್ಚಿ ಕೊಟ್ಟರು, ಕೂತೆ. ಅಜ್ಜಿ ಎಂದಿನಂತೆ ಚಾಪೆಯ ಮೇಲಿದ್ದಳು.

ಆ ಸೂಪರ್‌ವೈಸರುಗಳಲ್ಲೊಬ್ಬರು ಕೇಳಿಕೊಂಡರೆಂದು ಕಾಣುತ್ತದೆ, ಆ ದಿನದ ಪ್ರಸಂಗದ ಕೊನೆಗೆ ಪಾಸ್ಟರು ಹೇಳಿದರು: "ಒಂದು ಮಾತು. ಭಾನುವಾರ ಯಾರೂ ಕೆಲ್ಸಕ್ಕೆ ಚಕ್ಕರ್ ಹಾಕ್ಬೇಡಿ. ನಮ್ಮನ್ನ ನೋಡೋ ಜನರ ಮುಂದೆ ಅದು ಸಾಕ್ಷಿಗೆ ಒಳ್ಳೇದಲ್ಲ."

ಅವಳು ಎದ್ದಳು. ಜಗಳವಾಡಲಿಲ್ಲ, ಅದೇ ಆಶ್ಚರ್ಯ. ಆ ದಿನ ಶಾಲೆಗೆ ಹೋಗದಿದ್ದ ಮಗಳ ಕೈ ಹಿಡಿದುಕೊಂಡು ಕುರ್ಚಿಗಳ ಮುಂದೆಯೇ ಹಾದು ಹೊರಗೆ ಹೋದಳು. ಪಾಸ್ಟರು ಮಾತು ಮುಂದುವರಿಸಿದರು, ಆದರೆ ಎರಡು ಸಲ ಅದೇ ವಾಕ್ಯ ಹೇಳಿದರು.

ನನ್ನ ಕೆಲಸ ಮುಗಿದಂತಾಗಿತ್ತು. ಸಮಾಜಕ್ಕೆ ಉಪಯೋಗಕ್ಕೆ ಬರುವ ಒಂದು ಚರ್ಚು ನಮ್ಮ ಬೀದಿಯಲ್ಲಿತ್ತು. ಮ್ಯಾನೇಜರಿಗೆ ಹೇಳಬಹುದಿತ್ತು. ಹಾಗಿದ್ದೂ ಆ ವಾರವೆಲ್ಲ ಕೂತಲ್ಲಿ ಕೂರಲಾಗಲಿಲ್ಲ. ನಾನು ನಂಬದ ದೇವರಿಗೆ ಕಂಪನಿಯ ಹಾಜರಾತಿ ನೋಡುವ ಕೆಲಸ ಹಚ್ಚಿದ್ದೆ. ನಂಬದವನಿಗೆ ಅದೇಕೆ ಕೆಡುಕೆನಿಸಬೇಕು? ನನ್ನ ಪರೀಕ್ಷೆಯ ಉತ್ತರ ನಿಜವಾದದ್ದಕ್ಕೆ ನಾನು ಸಂತೋಷಪಡಬೇಕಿತ್ತು.

ಬೇಸಿಗೆಗೆ ಕರೆಂಟು ಇನ್ನೂ ಕಡಿಮೆಯಾಯಿತು. ರಜೆಗಳನ್ನು ಮತ್ತೆ ಹಂಚಿದರು. ನಮ್ಮ ಲೈನಿಗೆ ಮಂಗಳವಾರ ಬಂತು.

ಸುದ್ದಿ ಎಲ್ಲ ಘಟಕಗಳಿಗೂ ಒಂದೇ ಸಲ ತಲುಪಲಿಲ್ಲ. ಮಂಗಳವಾರ ಅರ್ಧ ಜನ ಬಂದು ಶೆಡ್ಡಿನ ಬೀಗ ನೋಡಿ ನಿಂತರು. ಗುರುವಾರ ಪಾಸ್ಟರು ಬಾಗಿಲು ತೆಗೆದು ಕೂತರು, ಕುರ್ಚಿಗಳೆಲ್ಲ ಖಾಲಿ. ಬಂದಿದ್ದವರು ಅದೇ ಅಜ್ಜಿಯರು, ಟೀಗೆಂದು ಬಂದ ಯಜಮಾನರು, ನಾನು. ನಾನೇಕೆ ಹೋದೆನೋ ತಿಳಿಯದು, ಆ ದಿನ ನನಗೂ ಕೆಲಸವಿತ್ತು. ಪಾಸ್ಟರು ಬೀದಿ ನೋಡುತ್ತ, ಇನ್ನು ಮಂಗಳವಾರವೇ ಇಟ್ಟುಕೊಳ್ಳಬೇಕೇನೋ ಎಂದರು.

ಯಜಮಾನರು ಬೀಡಿಯನ್ನು ಕಿವಿಯ ಮೇಲಿಂದ ತೆಗೆದರು. "ಅಲ್ಲಾ ಸ್ವಾಮಿ, ಇಂಗಾದ್ರೆ ಎಂಗೆ? ನಮ್ ಮಾರಮ್ಮನ್ನ ನೋಡಿ, ಇಲ್ಲಿ ರಾಗಿ ಒಲ ಇದ್ದಾಗ್ಲೂ ಮಂಗ್ಳವಾರ, ಫ್ಯಾಕ್ಟ್ರಿ ಬಂದಾಗ್ಲೂ ಮಂಗ್ಳವಾರ. ನಿಮ್ ದ್ಯಾವ್ರು ಲೈನ್‌ಮ್ಯಾನ್ ಮಾತು ಕ್ಯೋಳ್ತಾನಾ?"

ಪಾಸ್ಟರು ಮೊದಲು ನಗಲಿಲ್ಲ. ಆಮೇಲೆ ನಕ್ಕರು, ಕೆಮ್ಮು ಬರುವಷ್ಟು ನಕ್ಕರು. ಕಣ್ಣೊರೆಸಿಕೊಂಡು ಎದ್ದು, ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು. ಶಾಮಿಯಾನದವನ ಅಂಗಡಿಗೆ ಅವನ್ನು ಹೊತ್ತುಕೊಂಡು ಹೋಗುವಾಗ ನಾನೂ ಒಂದಷ್ಟು ಹಿಡಿದುಕೊಂಡೆ. ದಾರಿಯಲ್ಲಿ ಒಂದೇ ಮಾತು ಹೇಳಿದರು: "ಆ ಹೆಣ್ಮಗಳ ಮನೆಗೆ ಹೋಗ್ಬೇಕು ಸಾರ್."

ಹೋದರು. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ತೀರ್ಮಾನ ಮಾತ್ರ ತಿಳಿಯಿತು. ಆರಾಧನೆ ಮತ್ತೆ ಭಾನುವಾರಕ್ಕೆ, ಆದರೆ ಬೆಳಗಿನ ಪಾಳಿಗೆ ಮೊದಲು, ಮಬ್ಬು ಬೆಳಕಿನಲ್ಲೇ. ಕೆಲಸಕ್ಕೆ ಹೋಗುವವರು ಡಬ್ಬಿ ಹಿಡಿದೇ ಬರಲಿ. ರಜೆಯ ದಿನ, ಅದು ಯಾವ ವಾರವೇ ಆಗಲಿ, ಶೆಡ್ಡಿನ ಬಾಗಿಲು ಊರಿಗೆಲ್ಲ ತೆರೆದಿರುತ್ತದೆ: ಸ್ಟೌ, ಟೀ, ಬಿಪಿ, ಸುದ್ದಿ. ಪ್ರಸಂಗ ಇಲ್ಲ. ಇದಕ್ಕೆ ಅವಳು ಒಂದು ಷರತ್ತು ಹಾಕಿದ್ದಳು. ಸೈರನ್ ಕೂಗಿದರೆ ಯಾರೂ ಏಳಬಾರದು. ಹಾಡುತ್ತಿರುವ ಹಾಡನ್ನು ಕೊನೆಯ ಚರಣದವರೆಗೆ ಹಾಡಿಯೇ ಏಳಬೇಕು.

ನಮ್ಮ ಗೇಟಿನಲ್ಲಿ ಸೈರನ್ ಆದ ಮೇಲೆ ಹತ್ತು ನಿಮಿಷ ಬಿಡುತ್ತಿದ್ದರು, ಬಸ್ಸು ತಪ್ಪಿದವರಿಗೆ, ಸೈಕಲ್ ಪಂಕ್ಚರ್ ಆದವರಿಗೆ. ಅವಳು ಆ ಹತ್ತು ನಿಮಿಷವನ್ನು ಕೇಳುತ್ತಿದ್ದಳು.

"ಅಂದ್ರ ಪ್ರತಿ ಸಂಡೇ ಬೇಕಂತ ಲೇಟಾಗಿ ಬರಾಕಿ" ಎಂದರು ಮ್ಯಾನೇಜರು.

"ಲೇಟಲ್ಲ ಸರ್. ಹತ್ತು ನಿಮಿಷದೊಳಗೆ."

"ಹಾಡಿನ ಚರಣ ಹನ್ನೊಂದು ನಿಮಿಷ ಆದ್ರ?" ಅವರಿಗೆ ನಗು ಬಂದಿತ್ತು, ಆದರೆ ಬಿಡಲಿಲ್ಲ. "ಈ ಭಾನುವಾರ ನೀವೇ ಹೋಗಿ ಕೂಡ್ರಿ. ಪ್ರೊಬೇಷನ್ ಮುಗಿಯೂದು ಇದೇ ವಾರ. ಗೇಟ್ ಹಾಕೋದ್ರೊಳಗ ಬಂದ್ಲಂದ್ರ ಆಕಿ ಪರ್ಮನೆಂಟ್. ಒಂದು ನಿಮಿಷ ಆಚೀಚೆ ಆತಂದ್ರ ಕಥಿ ಮುಗೀತು."

ಆ ಭಾನುವಾರ ನಾನು ಹೋದೆ. ಚಾಪೆ ತಣ್ಣಗಿತ್ತು. ಮೈಕು ಹಾಕಿರಲಿಲ್ಲ. ಕರೆಂಟಿದ್ದ ದಿನವೂ ಮೈಕಿಲ್ಲದೆ ಹಾಡುವುದು ಅವರಿಗೆ ಅಭ್ಯಾಸವಾಗಿತ್ತು. ಗೋಡೆಯ ಉದ್ದಕ್ಕೂ ಊಟದ ಡಬ್ಬಿಗಳ ಸಾಲು. ಹಳೆಯ ಗುರುವಾರಗಳಷ್ಟು ಜನರಿರಲಿಲ್ಲ. ಕುರ್ಚಿಯವರಲ್ಲಿ ಒಬ್ಬರೇ ಬಂದಿದ್ದರು, ಚಾಪೆಯ ಮೇಲೆ ಕಾಲು ಮಡಚಲು ಕಷ್ಟಪಡುತ್ತಿದ್ದರು. ಪ್ರಾರ್ಥನೆ ಮುಗಿದು ಕೊನೆಯ ಹಾಡು ಶುರುವಾಯಿತು. ಉದ್ದನೆಯ ಹಾಡು. ನಾನು ಗಡಿಯಾರ ನೋಡಿಕೊಂಡೆ. ಅವಳು ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಹಾಡುತ್ತಿದ್ದಳು, ಪಕ್ಕದಲ್ಲಿ ಮಗಳು ತೂಕಡಿಸುತ್ತಿದ್ದಳು.

ಸೈರನ್ ಕೂಗಿತು.

ಗ್ಯಾರೇಜಿನ ನಾಯಿ ಎದ್ದಿತು. ಹೊರಗೆ ಬೀದಿಯಲ್ಲಿ ಓಡುವ ಹೆಜ್ಜೆ, ಸೈಕಲ್ ಬೆಲ್ಲು. ಶೆಡ್ಡಿನೊಳಗೆ ಒಬ್ಬರೂ ಕದಲಲಿಲ್ಲ. ಹಾಡಿನ ದನಿ ಸೈರನ್ನಿಗಿಂತ ದೊಡ್ಡದಾಗಲಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಸೈರನ್ ಅದನ್ನು ಪೂರ್ತಿ ನುಂಗಿತು. ಬಾಯಿಗಳು ಮಾತ್ರ ಆಡುತ್ತಿದ್ದವು. ಅದು ನಿಂತಾಗ ಹಾಡು ಅದೇ ಲಯದಲ್ಲಿ ಮುಂದಿನ ಸಾಲಿಗೆ ಬಂದಿತ್ತು.

ಆಗ ನನಗೆ ತಿಳಿಯಿತು, ನಾನು ನಿಂತಿದ್ದೇನೆ ಎಂದು. ಏಳಬೇಕೆಂದುಕೊಂಡಿರಲಿಲ್ಲ. ಸೈರನ್ ಕೂಗಿದ್ದಕ್ಕೆ ಕಾಲು ಎದ್ದಿತ್ತು. ಕೂತವರ ನಡುವೆ, ವಾಚು ಕಟ್ಟಿದ ಕೈಯನ್ನು ಎದೆಯ ಮುಂದೆ ಹಿಡಿದುಕೊಂಡು, ನಾನೊಬ್ಬನೇ ನಿಂತಿದ್ದೆ.

ಅವಳು ತಿರುಗಿ ನೋಡಿದಳು. "ಕೂತ್ಕಳಿ ಸಾರ್" ಎಂದಳು, ಹಾಡಿನ ಮಧ್ಯದಲ್ಲೇ. "ಇನ್ನೊಂದು ಚರಣ ಐತೆ."

ನಾನು ಕೂತೆ. ಚರಣ ಮುಗಿಯಿತು. ಡಬ್ಬಿಗಳು ಎದ್ದವು. ಅವಳು ಮಗಳನ್ನು ಅಜ್ಜಿಯ ಕೈಗೆ ಕೊಟ್ಟು ಸೆರಗು ಸಿಕ್ಕಿಸಿ ಹೊರಟಳು. ನಾವೆಲ್ಲ ಅರ್ಧ ನಡೆದು ಅರ್ಧ ಓಡಿ ಗೇಟಿಗೆ ಬಂದೆವು. ವಾಚ್‌ಮನ್ ಒಂದು ಬಾಗಿಲು ಹಾಕಿ ಇನ್ನೊಂದಕ್ಕೆ ಕೈ ಹಚ್ಚಿದ್ದ.

"ಬನ್ನಿ ಬನ್ನಿ, ಬೇಗ! ಇವತ್ತು ಜಗಳ ಇಲ್ವಾ ಅಕ್ಕಾ?"

"ನಾಳೆ ಬಂದು ಆಡ್ತೀನಿ, ಜರುಗು."

ಅವಳು ಕಾಯಂ ಆದಳು. ಆ ವರ್ಷದ ಮಳೆಗಾಲದ ಹೊತ್ತಿಗೆ ಕಾಯಿಲ್ ವಿಭಾಗದಲ್ಲಿ ಇನ್ನೂ ಕೆಲವರು ಭಾನುವಾರ ಆ ಹತ್ತು ನಿಮಿಷದ ಕೊನೆಗೆ ಬರುತ್ತಿದ್ದರು. ಎಲ್ಲರೂ ಚರ್ಚಿನವರೇ ಎಂದು ನಾನು ಕೇಳಲಿಲ್ಲ. ಮ್ಯಾನೇಜರು ಎರಡು ಸಲ ಗೊಣಗಿ ಸುಮ್ಮನಾದರು.

ದಶಕದ ಕೊನೆಯ ಹೊತ್ತಿಗೆ ನಾನು ಆ ಕೆಲಸ ಬಿಟ್ಟಿದ್ದೆ. ಒಂದು ದಿನ ಚಿಕ್ಕಬಾಣಾವರ ರೈಲು ನಿಲ್ದಾಣದಲ್ಲಿ ಪಾಸ್ಟರು ಸಿಕ್ಕಿದರು. ತುಮಕೂರಿಗೆ ಹೊರಟಿದ್ದರು. ಬೆಂಚಿನ ಮೇಲೆ ಕೂತು ಟೀ ಕುಡಿದೆವು. ಅವಳ ಮಗಳು ಪಿಯುಸಿಗೆ ಬಂದಳೆಂದರು. ಗುರುವಾರದ ದಿನಗಳೇ ಚೆನ್ನಾಗಿದ್ದವೆಂದು ನನಗೆ ಈಗಲೂ ಒಮ್ಮೊಮ್ಮೆ ಅನಿಸುತ್ತದೆ, ಅಷ್ಟು ಜನ ಆಮೇಲೆ ಬರಲೇ ಇಲ್ಲವಲ್ಲ ಎಂದೆ. "ನನಗೂ ಅನ್ಸುತ್ತೆ ಸಾರ್. ರಜಾ ದಿನ ಆ ಟೀ ಪಾತ್ರೆ ನೋಡಿದಾಗೆಲ್ಲ ಅನ್ಸುತ್ತೆ" ಎಂದರು. ಆಮೇಲೆ ಆ ಭಾನುವಾರದ ಮಾತು ಬಂತು. ಅವಳು ನನ್ನನ್ನು ಕೂರಿಸಿದ್ದನ್ನು ನಾನು ನಗುತ್ತ ನೆನಪಿಸಿದೆ.

ಪಾಸ್ಟರು ನನ್ನ ಮುಖ ನೋಡಿದರು. "ನೀವು ಕೂರ್ಲಿಲ್ವಲ್ಲ ಸಾರ್."

"ಕೂತೆನಲ್ಲ."

"ಇಲ್ಲ ಸಾರ್. ಕೊನೇವರೆಗೂ ವಾಚ್ ಹಿಡ್ಕೊಂಡು ನಿಂತೇ ಇದ್ರಿ. ನಿಮ್ಮನ್ನ ನೋಡಿ ನಮಗೆ ಗಾಬರಿ, ಆ ಚರಣಾನ ಸ್ವಲ್ಪ ಬೇಗ್ಬೇಗ ಹಾಡಿ ಮುಗಿಸ್ಬಿಟ್ವಿ. ಅದಕ್ಕೇ ಗೇಟು ಸಿಕ್ತು. ಆಯಮ್ಮ ಇವತ್ತಿಗೂ ನನ್ನನ್ನ ಬಯ್ತಾಳೆ, ಹಾಡು ಓಡಿಸಿದ್ರಿ ಅಂತ."

ಅವರು ತಮಾಷೆ ಮಾಡುತ್ತಿರಲಿಲ್ಲ. ತಣ್ಣನೆಯ ಚಾಪೆಗೆ ಮತ್ತೆ ಮಂಡಿ ತಾಗಿದ್ದು ನನಗೆ ನೆನಪಿದೆ ಎಂದು ಹೇಳಹೊರಟೆ. ಅಷ್ಟರಲ್ಲಿ ದೂರದಿಂದ ರೈಲು ಕೂಗಿತು. ನಾನು ಅವರ ಚೀಲ ಎತ್ತಿಕೊಂಡು ಪ್ಲಾಟ್‌ಫಾರ್ಮಿನ ಅಂಚಿನ ಕಡೆ ಎರಡು ಹೆಜ್ಜೆ ಹಾಕಿ ತಿರುಗಿ ನೋಡಿದೆ. ಅವರು ಬೆಂಚಿನಲ್ಲೇ ಇದ್ದರು, ಲೋಟದಲ್ಲಿ ಇನ್ನೂ ಸ್ವಲ್ಪ ಟೀ ಇತ್ತು.

"ಕೂತ್ಕೊಳ್ಳಿ ಸಾರ್" ಎಂದರು. "ಅದು ಬಂದು ನಿಲ್ಲೋಕೆ ಇನ್ನೂ ಟೈಮಿದೆ."